ಡಬ್ಬಿ ಮುಟ್ಟುವ ಊರು

ಹತ್ತನೆಯ ಇಯತ್ತೆಯ ಫಲಿತಾಂಶ ಬಂತೆಂದರೆ ಭೋಜ ಗ್ರಾಮದಲ್ಲಿ ಸಕ್ಕುಬಾಯಿಯ ಮನೆಯ ಕಟ್ಟೆ ಖಾಲಿ ಇರುತ್ತಿರಲಿಲ್ಲ. ಪಾಸಾದ ಮಕ್ಕಳ ತಂದೆತಾಯಿಗಳು ಒಬ್ಬೊಬ್ಬರಾಗಿ ಬಂದು ಕೂಡುವರು. ಎಲ್ಲರ ಬಾಯಲ್ಲೂ ಒಂದೇ ಮಾತು: “ಸಕ್ಕಕ್ಕಾ, ಹುಡುಗನ್ನ ಯಾವ ಕಾಲೇಜಿಗಿ ಹಾಕೂನು?” ಶಾಲೆಯ ಮೆಟ್ಟಿಲು ಹತ್ತದ, ಕುರಿ ಕಾಯುವ ಮನೆಯ ಹೆಣ್ಣುಮಗಳನ್ನು ಇಂಥದ್ದು ಕೇಳುವುದೇನು ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಆಕೆಗಂತೂ ಅನ್ನಿಸುತ್ತಲೇ ಇರಲಿಲ್ಲ. ಎಲೆಯಡಿಕೆಯ ಚಂಚಿ ಬಿಚ್ಚುತ್ತ, ಕೇಳಿದವರ ಮುಖವನ್ನೂ ನೋಡದೆ ಹೇಳಿಬಿಡುವಳು:

“ಡಬ್ಬಿ ಮುಟ್ಟೂ ಊರಿಗಿ ಹಾಕ್ರಿ. ಉಳದದ್ದ ದೇವರ ನೋಡ್ಕೊಂತಾನ.”

ಎಂಬತ್ತರ ದಶಕದಲ್ಲಿ ಆ ಕಡೆ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಿಯ ಹುಡುಗರು ಕಲಿಯಲು ನಿಪ್ಪಾಣಿಗೆ ಹೋಗಿ, ನಾಲ್ಕಾರು ಮಂದಿ ಕೂಡಿ ಒಂದು ಖೋಲಿ ಹಿಡಿದು ಇರುತ್ತಿದ್ದರು. ದಿನಾ ಹೋಗಿಬರಲು ಬಸ್ಸಿನ ಹೊತ್ತು ಕಾಲೇಜಿಗೆ ಹೊಂದುತ್ತಿರಲಿಲ್ಲ. ಆದರೆ ಊಟ ಮಾತ್ರ ಊರಿನಿಂದಲೇ ಹೋಗಬೇಕು. ರಾತ್ರಿ ಊರಲ್ಲೇ ತಂಗುವ ವಸ್ತಿ ಬಸ್ಸು ಮುಂಜಾನೆ ನಿಪ್ಪಾಣಿಗೆ ಹೊರಡುವಾಗ ತಾಯಂದಿರು ಜೋಳದ ಭಕ್ಕರಿ, ಪಲ್ಯದ ಡಬ್ಬಿಗಳನ್ನು ಅರಿವೆಯಲ್ಲಿ ಕಟ್ಟಿ ತಂದು ಡ್ರೈವರನ ಹಿಂದಿನ ಸೀಟಿನ ಕೆಳಗೆ ಇಡುವರು. ಅಲ್ಲಿ ಸ್ಟ್ಯಾಂಡಿನಲ್ಲಿ ಮಕ್ಕಳು ಕಾದು ನಿಂತು, ಗಂಟು ನೋಡಿ ತಮ್ಮದನ್ನು ಎತ್ತಿಕೊಂಡು, ನಿನ್ನೆಯ ಖಾಲಿ ಡಬ್ಬಿಯನ್ನು ಅದೇ ಬಸ್ಸಿಗೆ ಹಾಕುವರು. ಡಬ್ಬಿ ಅದಲುಬದಲಾಗುವುದು ಅಪರೂಪ. ಎಂದೋ ಒಮ್ಮೆ ಹಾಗಾದರೆ ಅದೂ ಒಂದು ಮೋಜು, ಸಂಜೆಯವರೆಗೆ ನಗಲು ಸಾಕಾಗುತ್ತಿತ್ತು.

ಬಸ್ಸು ನಿಲ್ಲುತ್ತಿದ್ದದ್ದು ಸಕ್ಕುಬಾಯಿಯ ಮನೆಯ ಎದುರಿಗೇ. ಹೊಲಕ್ಕೆ ಬೇಗ ಹೋಗುವವರು ತಮ್ಮ ಡಬ್ಬಿಯನ್ನು ಆಕೆಯ ಕಟ್ಟೆಯ ಮೇಲಿಟ್ಟು ಹೋಗುವರು. ಆಕೆ ಎಲ್ಲವನ್ನೂ ಕೈಯಾರೆ ಬಸ್ಸಿಗೇರಿಸಿ, ಕಂಡಕ್ಟರನಿಗೆ ಒಂದು ಬಿಸಿ ಭಕ್ಕರಿ ಕೊಟ್ಟು, “ಪಲ್ಯಾದ್ದು ಅಡ್ಡ ಇಡಬ್ಯಾಡೋ ಯಪ್ಪಾ, ಎಣ್ಣಿ ಸೋರತೈತಿ” ಎಂದು ಗದರಿಸಿಯೇ ಇಳಿಯುವಳು. ಆಕೆ ಗದರಿಸದ ದಿನ ಬಸ್ಸು ಸ್ಟಾರ್ಟ್ ಆಗುವುದಿಲ್ಲ ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ಹೀಗೆ ಊರಿನ ಮಕ್ಕಳ ಅನ್ನವೆಲ್ಲ ಆಕೆಯ ಕೈಮೇಲೆ ಹಾದುಹೋಗುತ್ತಿದ್ದುದರಿಂದ, ಅವರ ವಿದ್ಯೆಯೂ ಆಕೆಗೇ ಗೊತ್ತಿರಬೇಕೆಂದು ಜನ ತಿಳಿದರು.

ಕಾಲೇಜಿನಲ್ಲಿ ಏನು ಕಲಿಸುತ್ತಾರೆ, ಕಲಿಸುವವರು ಎಂಥವರು, ಹುಡುಗನ ಮನಸ್ಸು ಯಾವುದರ ಮೇಲಿದೆ, ಇದೆಲ್ಲ ಆಮೇಲಿನ ಮಾತು. ಮೊದಲು ಡಬ್ಬಿ ಮಧ್ಯಾಹ್ನದೊಳಗೆ ಮುಟ್ಟುತ್ತದೋ ಇಲ್ಲವೋ ಹೇಳಿ. ನಗಬೇಡಿ. ಗೋಡೆಯ ಬಣ್ಣ, ಗೇಟಿನ ಎತ್ತರ ನೋಡಿ ಮಕ್ಕಳನ್ನು ಕಾಲೇಜಿಗೆ ಹಾಕುವವರನ್ನು ನಾವು ಕಂಡಿಲ್ಲವೇ? ಅವರಿಗಿಂತ ಸಕ್ಕುಬಾಯಿಯ ಲೆಕ್ಕ ಮೇಲು. ಆದರೂ ಅದು ತಪ್ಪು ಲೆಕ್ಕವೇ.

ಆ ಲೆಕ್ಕ ಆಕೆಗೆ ಸುಮ್ಮನೆ ಬಂದದ್ದಲ್ಲ. ಆಕೆಗೊಬ್ಬ ತಮ್ಮನಿದ್ದ, ಮಾಳಸಿದ್ದ ಎಂದು. ಕುರಿಯ ಹಿಂದೆ ಊರೂರು ಅಲೆಯುವ ಮನೆಯಲ್ಲಿ ಅವನೊಬ್ಬನಿಗೆ ಅಕ್ಷರದ ಗೀಳು ಹತ್ತಿತ್ತು. ಯಾರೋ ಪುಣ್ಯವಂತರು ಹೇಳಿದರೆಂದು ಅಪ್ಪ ಅವನನ್ನು ದೂರದ ಊರಿನ ಧರ್ಮದ ಬೋರ್ಡಿಂಗಿಗೆ ಬಿಟ್ಟುಬಂದ. ಅಲ್ಲಿ ಹೊಟ್ಟೆಗೆ ಸಾಲದೆ ಮಳೆಗಾಲದಲ್ಲಿ ಹುಡುಗ ಒಬ್ಬನೇ ನಡೆದು ತಿರುಗಿ ಬಂದ. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ಜ್ವರದಲ್ಲಿ ಮಲಗಿದವನು ಅಕ್ಕನ ಕೈ ಹಿಡಿದು ಕೇಳಿದ್ದು ಭಕ್ಕರಿಯನ್ನೇ. ಆಕೆ ತಟ್ಟಿಕೊಟ್ಟಳು; ಅವನಿಗೆ ನುಂಗಲಾಗಲಿಲ್ಲ. ನಾಗರ ಪಂಚಮಿಯ ಹೊತ್ತಿಗೆ ಮಾಳಸಿದ್ದ ಇರಲಿಲ್ಲ. ಲಗ್ನವಾಗಿ ಭೋಜಕ್ಕೆ ಬಂದು, ಎರಡು ಮಕ್ಕಳ ತಾಯಿಯಾದ ಮೇಲೂ ಸಕ್ಕುಬಾಯಿ ಆ ದುಃಖವನ್ನು ಮರೆಯಲಿಲ್ಲ. ಹಸಿದ ಹೊಟ್ಟೆಗೆ ವಿದ್ಯೆ ಹತ್ತುವುದಿಲ್ಲ, ಹೊಟ್ಟೆ ತುಂಬಿದರೆ ವಿದ್ಯೆ ತಾನೇ ಹತ್ತುತ್ತದೆ ಎಂಬುದು ಆಕೆಯ ನಂಬಿಕೆ. ಅದರ ಮೊದಲ ಅರ್ಧ ನಿಜ. ಎರಡನೆಯ ಅರ್ಧವನ್ನು ಆಕೆ ಪರೀಕ್ಷಿಸಿ ನೋಡಿದ್ದು ತನ್ನ ಮಗನ ಮೇಲೆ.

ಮಗ ದಶರಥ ಎಂಬತ್ತೆರಡರಲ್ಲಿ ಹತ್ತನೆಯದನ್ನು ಫಸ್ಟ್ ಕ್ಲಾಸಿನಲ್ಲಿ ಪಾಸಾದ. ಹೆಡ್‌ಮಾಸ್ತರರು ತಾವಾಗಿ ಮನೆಗೆ ಬಂದರು.

“ಸಕ್ಕುಬಾಯಿ, ಇವನ್ನ ಸೈನ್ಸಿಗೆ ಹಾಕ್ರಿ. ನಿಪ್ಪಾಣ್ಯಾಗ ಸೀಟ ತುಂಬ್ಯಾವ. ಧಾರವಾಡದಾಗ ಹಾಸ್ಟೆಲ್ ಸೈತ ಸಿಗತೈತಿ, ನಾ ಬರದ ಕೊಡ್ತೇನಿ.”

“ಧಾರವಾಡಕ್ಕ ನಮ್ಮೂರ ಬಸ್ ಹೋಕ್ಕೈತೇನ್ರಿ?”

“ಇಲ್ಲ. ಬೆಳಗಾವಿಗಿ ಹೋಗಿ—”

“ಹಂಗಾರ ಬ್ಯಾಡ್ರಿ ಗುರುಗಳ. ಹಾಸ್ಟೆಲ್ಲಿನ ಅನ್ನ ನಮ್ಮ ಮನಿತನಕ್ಕ ಆಗಿ ಬರಂಗಿಲ್ಲ.”

ದಶರಥ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದ. ಅವ್ವನ ಕಣ್ಣಲ್ಲಿ ನೀರು ಕಂಡು ಬಾಯಿ ಮುಚ್ಚಿದ. ಸೈನ್ಸು ಕಲಿತು ಏನಾಗಬೇಕೆಂದಿದ್ದ ಎಂದು ಯಾರೂ ಅವನನ್ನು ಕೇಳಲಿಲ್ಲ. ಅಪ್ಪ ಜಕ್ಕಪ್ಪ ಕುರಿ ಹೊಡೆದುಕೊಂಡು ದೀಪಾವಳಿಗೆ ಹೊರಟರೆ ಜೂನಿನ ಮಿರಗಿನ ಮಳೆಗೆ ಮನೆ ಸೇರುವವನು; ಮನೆಯ ಮಾತಿನಲ್ಲಿ ಸಕ್ಕುಬಾಯಿ ಹೂಂ ಅಂದರೆ ಅವನೂ ಹೂಂ. ನಿಪ್ಪಾಣಿಯಲ್ಲಿ ಕಾಮರ್ಸಿಗೆ ಸೀಟು ಸಿಕ್ಕಿತು. ಬಸ್ಸು ಅಲ್ಲಿಗೆ ಹೋಗುತ್ತಿತ್ತು. ಡಬ್ಬಿ ಮುಟ್ಟುತ್ತಿತ್ತು.

ಎಂಥ ಡಬ್ಬಿ ಅದು! ಜೋಳದ ಭಕ್ಕರಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಬೇರೆ ಗಿಂಡಿಯಲ್ಲಿ ಗಟ್ಟಿ ಮೊಸರು. ಕೆಂಪಂಚಿನ ಅರಿವೆ, ಮೇಲೆ ಎರಡು ಕಿವಿ ನೆಟ್ಟಗೆ ನಿಲ್ಲುವ ಗಂಟು. ಜ್ವರವಿರಲಿ, ಹಬ್ಬವಿರಲಿ, ವೇದಗಂಗೆಗೆ ಮಹಾಪೂರ ಬರಲಿ, ಬಸ್ಸು ಹೊರಟ ದಿನ ಡಬ್ಬಿ ತಪ್ಪಿದ್ದಿಲ್ಲ. ದಶರಥ ಉಂಡು ಬೆಳೆದ, ಎತ್ತರವಾದ. ಆದರೆ ಪರೀಕ್ಷೆಯಲ್ಲಿ ನಾಪಾಸಾದ. ಮತ್ತೆ ಕಟ್ಟಿದ, ಮತ್ತೆ ನಾಪಾಸಾದ. ಹುಡುಗ ಪೋಲಿ ಅಲ್ಲ, ಸಿನಿಮಾದ ಹುಚ್ಚಿನವನಲ್ಲ, ಪುಸ್ತಕದ ಮುಂದೆ ಕೂತೇ ಇರುತ್ತಿದ್ದ. ಊರು ಒಂದಿಷ್ಟು ದಿನ ಮಾತಾಡಿ, “ಹಣ್ಯಾಗ ಇದ್ದಿದ್ದಿಲ್ಲ ಬಿಡ” ಎಂದು ಕೈಬಿಟ್ಟಿತು. ದಶರಥ ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ ಚೀಲ ತೂಗಿಸುವ ಕೆಲಸ ಹಿಡಿದು, ಅದೇ ಖೋಲಿಯಲ್ಲಿ ಉಳಿದುಕೊಂಡ. ಡಬ್ಬಿ ಮಾತ್ರ ನಿಲ್ಲಲಿಲ್ಲ. ಕಾಲೇಜಿಗೆ ಹೋಗುತ್ತಿದ್ದ ಡಬ್ಬಿ ಈಗ ವಖಾರಿಗೆ ಹೋಗತೊಡಗಿತು, ಅಷ್ಟೇ.

ಆಮೇಲೊಂದು ವರ್ಷ ಕುರಿಗಳಿಗೆ ರೋಗ ಬಿತ್ತು. ಜಕ್ಕಪ್ಪನ ಹಟ್ಟಿಯಲ್ಲಿ ಮುಂಜಾನೆ ನಿಂತ ಕುರಿ ಸಂಜೆಗೆ ಬೀಳುತ್ತಿತ್ತು. ದನದ ಡಾಕ್ಟರು ಬೇರೆ ಹಳ್ಳಿಗಳಲ್ಲಿ ಸಿಕ್ಕಿಬಿದ್ದಿದ್ದರು. ಬರುವಷ್ಟರಲ್ಲಿ ಅರ್ಧ ಹಿಂಡು ಮಣ್ಣಾಗಿತ್ತು. ದಶರಥ ವಖಾರಿ ಬಿಟ್ಟು ಓಡಿ ಬಂದಿದ್ದ. ಸಾಯುತ್ತಿದ್ದ ಕುರಿಯೊಂದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ರೆಪ್ಪೆ ಬಿಡಿಸಿ ನೋಡಿ, ಬಾಯಿ ತೆರೆದು ನೋಡಿ, ಹೊಟ್ಟೆಗೆ ಕಿವಿಯಿಟ್ಟು ಕೂತೇಬಿಟ್ಟ. ಡಾಕ್ಟರು ಬಂದಾಗ ಅವರ ಪೆಟ್ಟಿಗೆ ಹಿಡಿದು ಹಿಂದೆ ಹಿಂದೆ ತಿರುಗಿದ. ಯಾವ ಸೂಜಿ, ಯಾಕೆ, ಎಷ್ಟು ಎಂದು ಅವರಿಗೆ ಬೇಸರ ಬರುವಷ್ಟು ಕೇಳಿದ. ಅವನು ಅಷ್ಟು ಮಾತಾಡಿದ್ದನ್ನು ಸಕ್ಕುಬಾಯಿ ಅಲ್ಲಿಯವರೆಗೆ ನೋಡಿರಲಿಲ್ಲ. ಆಕೆಯ ಎದೆಯಲ್ಲಿ ಏನೋ ಚುಚ್ಚಿತು. ಕುರಿ ಸತ್ತ ಸಂಕಟವೆಂದು ಆಕೆ ತಿಳಿದುಕೊಂಡಳು.

ತೊಂಬತ್ತೆರಡರಲ್ಲಿ ಮಗಳು ಸುಗಂಧಾ ಹತ್ತನೆಯದನ್ನು ಪಾಸಾದಳು. ಅಣ್ಣನಿಗಿಂತ ಹೆಚ್ಚು ಮಾರ್ಕು, ಗಣಿತದಲ್ಲಂತೂ ಶಾಲೆಗೇ ಮೊದಲು. ಆಕೆ ಅಣ್ಣನ ಹಾಗೆ ಚೌಕಟ್ಟಿಗೆ ಒರಗಿ ನಿಲ್ಲುವ ಪೈಕಿ ಅಲ್ಲ. ಒಲೆಯ ಮುಂದೆ ಅವ್ವನ ಎದುರಿಗೇ ಕೂತು ಹೇಳಿದಳು:

“ನಾ ಸೈನ್ಸ್ ಮಾಡ್ತೇನಿ. ಗಣಿತ ಅಂದ್ರ ನನಗ ಆಟ ಆಡಿದಂಗ ಆಗತೈತಿ. ಅಥಣ್ಯಾಗ ಒಂದ ಕಾಲೇಜೈತಿ, ಹುಡಿಗ್ಯಾರಿಗಿ ಹಾಸ್ಟೆಲ್ಲೂ ಐತಿ. ನಮಗ ಸಾಲ್ಯಾಗ ಗಣಿತ ಹೇಳೂ ಬಾಯಾರು ಅಲ್ಲೇ ಕಲತಾರಂತ.”

ಸಕ್ಕುಬಾಯಿ ಭಕ್ಕರಿ ತಟ್ಟುವುದನ್ನು ನಿಲ್ಲಿಸಲಿಲ್ಲ. “ಅಥಣಿಗಿ ಡಬ್ಬಿ ಮುಟ್ಟಂಗಿಲ್ಲ.”

“ಗೊತ್ತೈತಿ.”

“ಗೊತ್ತಿದ್ದ ಮ್ಯಾಲ ಯಾಕ ಕೇಳ್ತಿ ಬೇ?”

ಸುಗಂಧಾ ಅಳಲಿಲ್ಲ, ಕೂಗಾಡಲಿಲ್ಲ. ಆ ದಿನದಿಂದ ಮನೆಯಲ್ಲಿ ಮಾತು ಬಿಟ್ಟಳು. ಕಾಲೇಜಿಗೆ ಹೆಸರು ಹಚ್ಚುವ ದಿನಗಳು ಒಂದೊಂದಾಗಿ ಉರುಳುತ್ತಿದ್ದವು. ಮಿರಗಿಗೆ ಮನೆ ಸೇರಿದ್ದ ಜಕ್ಕಪ್ಪ ಒಮ್ಮೆ ಹೆಂಡತಿಯ ಮುಖ, ಒಮ್ಮೆ ಮಗಳ ಮುಖ ನೋಡಿ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗುತ್ತಿದ್ದ. ಕಡೆಗೆ ರವಿವಾರ ಊರಿಗೆ ಬಂದ ದಶರಥನೇ ಮಾತು ತೆಗೆದ.

“ಅವ್ವಾ, ನೋಡದ ಹಿಂಗ ಬ್ಯಾಡ ಅನಬ್ಯಾಡ. ನಾಳಿ ರಜಾ ಹಾಕ್ತೇನಿ. ಮೂರೂ ಮಂದಿ ಹೋಗಿ ಕಣ್ಣಾರೆ ನೋಡಿ ಬರೂನು. ನೋಡಿದ ಮ್ಯಾಲ ಬ್ಯಾಡ ಅಂದ್ರ ಬ್ಯಾಡ.”

ಮಗ ಏನನ್ನೂ ಬೇಡಿದವನಲ್ಲ. ಸಕ್ಕುಬಾಯಿಗೆ ಇಲ್ಲವೆನ್ನಲಾಗಲಿಲ್ಲ.

ಮರುದಿನ ವಸ್ತಿ ಬಸ್ಸಿನಲ್ಲಿ ಆಕೆ ಮೊದಲ ಬಾರಿಗೆ ಡಬ್ಬಿಯ ಜೊತೆ ತಾನೂ ಹೊರಟಳು. ನಿಪ್ಪಾಣಿಯಲ್ಲಿ ಇಳಿದು, ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಕೃಷ್ಣೆ ದಾಟಿ, ಕಾಗವಾಡದ ಮೇಲೆ ಅಥಣಿಗೆ. ಕಿಟಕಿಯ ಹೊರಗೆ ಕಬ್ಬು, ದ್ರಾಕ್ಷಿಯ ಚಪ್ಪರ, ಮತ್ತೆ ಕಬ್ಬು. ಹೊಳೆ ದಾಟುವಾಗ ಆಕೆ ಕೈಮುಗಿದಳು; ಇಷ್ಟು ದೂರ ಮಗಳನ್ನು ಬಿಟ್ಟರೆ ಕೂಗಿದರೂ ಕೇಳುವುದಿಲ್ಲವಲ್ಲ ಎಂದು ಮನಸ್ಸು ಕುದಿಯಿತು. ಮುಂದಿನ ಸೀಟಿನಲ್ಲಿ ದಶರಥ ತಂಗಿಗೆ ಹೇಳುತ್ತಿದ್ದದ್ದು ಕಿವಿಗೆ ಬೀಳುತ್ತಿತ್ತು.

“ಆಫೀಸಿನಾಗ ಕೇಳಿದ್ರ ಎಲ್ಲಾ ಚಲೋ ಐತಿ ಅಂತ ಹೇಳ್ತಾರ, ಅದು ಅವರ ಕೆಲಸ. ನೀ ಕಲ್ಯಾಕತ್ತ ಹುಡಿಗ್ಯಾರನ್ನ ಕೇಳು. ಪಾಠ ಬರೋಬರ ಆಗ್ತಾವೇನ, ತಿಳಿಲಿಲ್ಲ ಅಂದ್ರ ಮತ್ತ ಹೇಳ್ತಾರೇನ, ಪ್ರಯೋಗದ ಖೋಲಿ ಬೀಗ ತಗೀತಾರೋ ಇಲ್ಲೋ. ನಾಪಾಸ ಆದಾಕಿ ಯಾರರೆ ಇದ್ರ ಆಕಿನ್ನ ಮೊದಲ ಕೇಳು. ಪಾಸಾದವ್ರಿಗಿ ಕಾಲೇಜಿನ ತಪ್ಪ ಕಾಣಂಗಿಲ್ಲ.”

“ಎಲ್ಲಾ ಕೇಳಿ ಚಲೋ ಇರಲಿಲ್ಲ ಅಂದ್ರ ಅಣ್ಣಾ?”

“ಇರಲಿಲ್ಲ ಅಂದ್ರ ಬ್ಯಾರೆ ನೋಡೂನು. ಊರ ಮುಖ್ಯ ಅಲ್ಲ, ನೀ ಏನ ಕಲಿಬೇಕಂತೀದಿ ಅದು ಮುಖ್ಯ.”

ಇವನಿಗೆ ಇಷ್ಟೆಲ್ಲ ಯಾವಾಗ ತಿಳಿಯಿತು ಎಂದುಕೊಂಡಳು ಸಕ್ಕುಬಾಯಿ. ನಾಪಾಸಾಗಿ ತಿಳಿದದ್ದು ಎಂದು ಅವಳಿಗೆ ಹೊಳೆಯಲಿಲ್ಲ.

ಅಥಣಿ ಮುಟ್ಟಿದ ಮೇಲೆ ಸುಗಂಧಾ ಹುಡುಗಿಯರನ್ನು ಹುಡುಕಿಕೊಂಡು ಹೋದಳು. ಸಕ್ಕುಬಾಯಿ ನೆಟ್ಟಗೆ ಹಾಸ್ಟೆಲ್ಲಿನ ಅಡುಗೆಮನೆಗೆ ನಡೆದಳು. ಅಲ್ಲಿ ಕಮಲಾಬಾಯಿ ಎಂಬಾಕೆ ದೊಡ್ಡ ಪಾತೇಲಿಯಲ್ಲಿ ಸಾರು ಕುದಿಸುತ್ತಿದ್ದಳು. ಹೇಳದೆ ಕೇಳದೆ ಒಳಗೆ ಬಂದ ಈ ಹೆಂಗಸು ಸೌಟು ಎತ್ತಿ, ಅಂಗೈಗೆ ಸಾರು ಸುರಿದುಕೊಂಡು ನೆಕ್ಕಿದ್ದನ್ನು ನೋಡಿ ಆಕೆ ಸಿಟ್ಟಾಗಬೇಕಿತ್ತು, ನಕ್ಕಳು.

“ಮಗಳನ್ನ ಬಿಡಾಕ ಬಂದೀರೇನ್ರಿ?”

“ಬ್ಯಾಳಿ ಎಲ್ಲೈತಿ ಇದ್ರಾಗ?”

“ತಳದಾಗ ಐತ್ರಿ ತಾಯಿ. ಮನ್ಯಾಗಿನಂಗ ಇರಂಗಿಲ್ಲ, ನಾ ಯಾಕ ಸುಳ್ಳ ಹೇಳ್ಲಿ? ಆದ್ರ ಹೊಟ್ಟಿ ಹಸಿಗೊಂಡ ಮಲಗಾಕ ಯಾರನ್ನೂ ಬಿಟ್ಟಿಲ್ಲ.”

ಸಕ್ಕುಬಾಯಿ ಅಕ್ಕಿ ನೋಡಿದಳು, ನೀರಿನ ಟಾಕಿ ನೋಡಿದಳು, ಒಣಗಿದ ಚಪಾತಿಯೊಂದನ್ನು ಮುರಿದು ನೋಡಿದಳು. ಮಾಳಸಿದ್ದ ಕಣ್ಣ ಮುಂದೆ ಬಂದು ನಿಂತ. ಮನಸ್ಸಿನಲ್ಲಿ ತೀರ್ಮಾನ ಗಟ್ಟಿಯಾಗಿ ಹೋಯಿತು: ಆಗುವುದಿಲ್ಲ. ಮಗಳು ಮಾತು ಬಿಟ್ಟರೆ ಬಿಡಲಿ, ಜೀವಂತ ಇರುತ್ತಾಳಲ್ಲ.

ಹೊರಗೆ ಬೇವಿನ ಮರದ ಕೆಳಗೆ ದಶರಥ ಕಾಯುತ್ತಿದ್ದ. ಸುಗಂಧಾ ದೂರದ ಮೆಟ್ಟಿಲ ಮೇಲೆ ಹುಡುಗಿಯರ ನಡುವೆ ಕೂತು ಒಂದೇ ಸಮನೆ ಮಾತಾಡುತ್ತಿದ್ದಳು. ಮನೆಯಲ್ಲಿ ಉಳಿಸಿಕೊಂಡ ಮಾತನ್ನೆಲ್ಲ ಇಲ್ಲಿ ಖರ್ಚು ಮಾಡುತ್ತಿದ್ದಳು. ಸಕ್ಕುಬಾಯಿ ನೆಲದ ಮೇಲೆ ಕೂತು ಡಬ್ಬಿಯ ಗಂಟು ಬಿಚ್ಚಿ, ಮಗನ ಕೈಗೆ ಭಕ್ಕರಿ ಪಲ್ಯ ಕೊಟ್ಟಳು. ಅವನು ಒಂದು ತುತ್ತು ಮುರಿದು ಹಾಗೇ ಹಿಡಿದುಕೊಂಡ.

“ಅವ್ವಾ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ. ನಾ ಕಾಲೇಜಿಗಿ ಹೋಗುವಾಗ ನಿನ್ನ ಡಬ್ಬಿ ಒಂದ ದಿನಾರೆ ತಪ್ಪಿತ್ತೇನ?”

“ತಪ್ಪತೈತೇನೋ? ಜ್ವರದಾಗ ಎದ್ದ ಮಾಡೇನಿ.”

“ಹೌದು. ನಾ ಒಂದ ದಿನಾರೆ ಹಸದ ಇದ್ನೇನ?”

“ಇಲ್ಲಪಾ.”

“ಹಂಗಾರ ನಾ ಯಾಕ ನಾಪಾಸ ಆದ್ನಿ?”

ಇಷ್ಟು ವರ್ಷ ಊರಿಗೆಲ್ಲ ಉತ್ತರ ಕೊಟ್ಟ ಸಕ್ಕುಬಾಯಿ ಡಬ್ಬಿಯ ಅರಿವೆಯನ್ನು ಮಡಚತೊಡಗಿದಳು. ಮಗ ಬೈಯಲಿಲ್ಲ, ಅವನ ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಆಕೆಗೆ ಎದುರುತ್ತರ ಸಿಗುತ್ತಿತ್ತೋ ಏನೋ. ಆಕೆ ತನಗೇ ಕೇಳಿಸದಷ್ಟು ಮೆಲ್ಲಗೆ ಕೇಳಿದಳು.

“ಆವಾಗ ನೀ ಏನ ಆಗಬೇಕಂತ ಮಾಡಿದ್ದೆಪಾ?”

“ಬಿಡವ್ವಾ ಈಗ ಅದನ್ನ.”

“ಇಲ್ಲ, ಹೇಳು.”

ದಶರಥ ಕೈಯಲ್ಲಿದ್ದ ತುತ್ತನ್ನು ನೋಡುತ್ತ ಹೇಳಿದ: “ದನದ ಡಾಕ್ಟರ. ಅಪ್ಪನ ಕುರಿಗಿ ಯಾರನ್ನೂ ಕಾಯೂದ ಬ್ಯಾಡಂತ.”

ಕುರಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮಗ ಆಕೆಗೆ ನೆನಪಾದ. ಅಂದು ಎದೆಯಲ್ಲಿ ಚುಚ್ಚಿದ್ದು ಏನೆಂದು ಈಗ ತಿಳಿಯಿತು. ಮಾಳಸಿದ್ದನನ್ನು ಹಸಿವು ಕೊಂದಿತ್ತು. ದಶರಥನಿಗೆ ತಾನು ಹೊಟ್ಟೆ ತುಂಬ ಉಣಿಸಿ, ಅವನು ಬಯಸಿದ್ದನ್ನು ಕೈಯಾರೆ ಕಸಿದುಕೊಂಡಿದ್ದಳು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು, ಯಾರ ಪರಿವೆಯೂ ಇಲ್ಲದೆ ಅತ್ತಳು. ಎಲ್ಲ ಮುಗಿದ ಮೇಲೆ ಬಂದ ಅಳು ಅದು. ಅದರಿಂದ ದಶರಥನಿಗೆ ಏನೂ ತಿರುಗಿ ಸಿಗುವಂತಿರಲಿಲ್ಲ. ಅವನು ಅವ್ವನ ಬೆನ್ನ ಮೇಲೆ ಕೈಯಿಟ್ಟು, “ಉಣ್ಣು, ಹೊತ್ತಾಗೈತಿ” ಎಂದ.

ಸುಗಂಧಾ ಮೆಟ್ಟಿಲಿಳಿದು ಬಂದಳು. ಅವ್ವನ ಕೆಂಪು ಕಣ್ಣು ನೋಡಿ, ಆಗುವುದಿಲ್ಲ ಎಂಬ ಉತ್ತರವನ್ನು ಓದಿಕೊಂಡವಳಂತೆ ತಲೆ ತಗ್ಗಿಸಿ ನಿಂತಳು.

“ಏನಂದ್ರ ಹುಡಿಗ್ಯಾರು?” ಎಂದಳು ಸಕ್ಕುಬಾಯಿ.

“ಗಣಿತ ಚಲೋ ಹೇಳ್ತಾರಂತ. ನಾಪಾಸ ಆದಾಕೀನ ಹೇಳಿದ್ಲು. ಊಟ ಮಾತ್ರ ಚಲೋ ಇರಂಗಿಲ್ಲಂತ.”

“ಅದ ನಾ ನೋಡೇನಿ.” ಸಕ್ಕುಬಾಯಿ ಮೂಗು ಒರೆಸಿಕೊಂಡಳು. “ನೀ ಇರ್ತೀಯೇನ ಇಲ್ಲೆ?”

“ಇರ್ತೇನಿ.”

“ಇರು ಹಂಗಾರ. ಶೇಂಗಾ ಚಟ್ನಿ ಕೆಡಂಗಿಲ್ಲ, ಡಬ್ಬಿ ತುಂಬ ಕೊಟ್ಟ ಕಳಸ್ತೇನಿ. ಆ ಕಮಲಾಬಾಯಿ ಕೂಡ ಜಗಳ ತಗೀಬ್ಯಾಡ, ಖರೆ ಮಾತಾಡೂ ಹೆಂಗಸೈತಿ.”

ಸುಗಂಧಾಳನ್ನು ಬಿಟ್ಟುಬಂದ ಮೇಲೆ ಮನೆ ಭಣಗುಟ್ಟಿತು. ಸಕ್ಕುಬಾಯಿಗೆ ಹಲವು ದಿನ ಅನ್ನ ಇಳಿಯಲಿಲ್ಲ. ಅಥಣಿಯ ಸಾರು ನೆನಪಾದರೆ ಕೈಯ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಮೊದಲ ರಜೆಗೆ ಮಗಳು ಸ್ವಲ್ಪ ಸೊರಗಿ, ಆದರೆ ನಗುತ್ತ ಬಂದಳು. ಅಷ್ಟಾದ ಮೇಲೂ ಆಕೆಗೆ ಪೂರ್ತಿ ಧೈರ್ಯ ಬಂತೆಂದು ಹೇಳಲಾರೆವು.

ಮುಂದಿನ ವರ್ಷ ಫಲಿತಾಂಶದ ಮರುದಿನ ಮುಂಜಾನೆ ಗಿರಿಜವ್ವ ಕಟ್ಟೆಗೆ ಬಂದಳು. ಕಬ್ಬಿನ ಹೊಲ, ದ್ರಾಕ್ಷಿಯ ತೋಟ ಇದ್ದ ಮನೆತನದವಳು, ಒಬ್ಬನೇ ಮಗನ ತಾಯಿ. ಬಸ್ಸು ಹೊರಡುವ ಹೊತ್ತು. ಕಟ್ಟೆಯ ಮೇಲೆ ಡಬ್ಬಿಗಳು ಸಾಲಾಗಿ ಕೂತಿದ್ದವು.

“ಸಕ್ಕಕ್ಕಾ, ನನ್ನ ಮಗ ಪಾಸಾಗ್ಯಾನ. ನಿಪ್ಪಾಣಿಗೇ ಹಾಕ್ಲಿ ಹೌದಲ್ಲ? ಡಬ್ಬಿ ಮುಟ್ಟತೈತಿ.”

“ಮಗನ್ನ ಕೇಳಿಯೇನವ್ವಾ?”

“ಅವನ್ನೇನ ಕೇಳೂದ? ನಿನ್ನಿ ಮೊನ್ನಿ ಹುಟ್ಟಿದ್ದು!” ಎಂದು ನಕ್ಕ ಗಿರಿಜವ್ವ, ಸಕ್ಕುಬಾಯಿಯ ಮುಖದಲ್ಲಿ ನಗು ಕಾಣದೆ ಸ್ವಲ್ಪ ಇರುಸುಮುರುಸಾಗಿ ಕೇಳಿದಳು: “ಯಾಕ, ನೀ ಕೇಳಿದ್ದೇನ ನಿನ್ನ ಮಗನ್ನ?”

“ಕೇಳೇನವ್ವಾ,” ಎಂದಳು ಸಕ್ಕುಬಾಯಿ. “ಹತ್ತ ವರ್ಷ ತಡಾ ಮಾಡಿ ಕೇಳೇನಿ. ನೀ ಈಗ ಹೋಗಿ ಕೇಳಿ ಬಾ, ಆಮ್ಯಾಲ ಕುಂತ ಮಾತಾಡೂನು.”

ಬಸ್ಸಿನ ಹಾರ್ನು ಕೂಗಿತು. ಸಕ್ಕುಬಾಯಿ ಎದ್ದು, ಕೆಂಪಂಚಿನ ಅರಿವೆಯ ಗಂಟನ್ನು ಮೊದಲು ಕೈಗೆತ್ತಿಕೊಂಡಳು. ಅದು ವಖಾರಿಗೆ ಹೋಗುವ ಡಬ್ಬಿ.